ಶಾಲೆಯಲ್ಲಿ ಇಂಟರ್ನೆಟ್ ಸುರಕ್ಷತೆಯನ್ನು ಕಲಿಸುವ ಬಗೆ: ಶಿಕ್ಷಕರಿಗೊಂದು ಕೈಪಿಡಿ

ಶಾಲೆಗೆ ಇಂಟರ್ನೆಟ್ ಸಂಪರ್ಕ ಬಂದೊಡನೆ ಸಾಮಾನ್ಯವಾಗಿ ಮೊದಲು ನಡೆಯುವ ಕೆಲಸವೆಂದರೆ ಬೇಡದ ಜಾಲತಾಣಗಳನ್ನು ತಡೆಯುವ ಫಿಲ್ಟರ್ ಹಾಕಿಸುವುದು. ಅದು ಬೇಕಾದದ್ದೇ. ಆದರೆ ಫಿಲ್ಟರಿನ ಕಾವಲು ಶಾಲೆಯ ಗೇಟಿನವರೆಗೆ ಮಾತ್ರ. ಸಂಜೆ ಮಕ್ಕಳ ಕೈಗೆ ಸಿಗುವ ಮನೆಯ ಫೋನಿನಲ್ಲಿ ಅದು ಇರುವುದಿಲ್ಲ. ಅಪರಿಚಿತರೊಬ್ಬರಿಂದ ರಾತ್ರಿ ಎಂಟು ಗಂಟೆಗೆ ಸಂದೇಶ ಬಂದಾಗ ಹನ್ನೆರಡು ವರ್ಷದ ಮಗು ಏನು ಮಾಡುತ್ತದೆ ಎಂಬುದು, ಅದು ತರಗತಿಯಲ್ಲಿ ಏನನ್ನು ಅಭ್ಯಾಸ ಮಾಡಿತ್ತು ಎಂಬುದನ್ನೂ, ಮರುದಿನ ಬೆಳಿಗ್ಗೆ ಹೆದರದೆ ಹೇಳಿಕೊಳ್ಳಲು ಶಾಲೆಯಲ್ಲಿ ಅದಕ್ಕೆ ಯಾರಾದರೂ ಇದ್ದಾರೆಯೇ ಎಂಬುದನ್ನೂ ಅವಲಂಬಿಸಿದೆ. ಈ ಎರಡರಲ್ಲಿ ಎರಡನೆಯದೇ ದೊಡ್ಡದು ಎಂದು ನಾನು ನಂಬಿದ್ದೇನೆ; ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಪಾಠಕ್ಕಿಂತ ಮೊದಲು ಒಂದು ನಿಯಮ

ಯಾವ ಪಾಠವನ್ನೂ ಶುರು ಮಾಡುವ ಮೊದಲು ಮುಖ್ಯೋಪಾಧ್ಯಾಯರು ಮತ್ತು ಎಲ್ಲ ಶಿಕ್ಷಕರು ಕುಳಿತು ಒಂದು ವಿಷಯವನ್ನು ತೀರ್ಮಾನಿಸಿಕೊಳ್ಳಬೇಕು: ಇಂಟರ್ನೆಟ್ಟಿನಲ್ಲಿ ತನಗೆ ತೊಂದರೆಯಾಗಿದೆ ಎಂದು ಬಂದು ಹೇಳಿದ ಮಗುವಿಗೆ, ಆ ತೊಂದರೆಗೆ ಸಿಲುಕುವ ಮುನ್ನ ಅದು ಶಾಲೆಯ ನಿಯಮವೊಂದನ್ನು ಮುರಿದಿದ್ದರೂ, ಹೇಳಿದ್ದಕ್ಕಾಗಿ ಶಿಕ್ಷೆಯಾಗುವುದಿಲ್ಲ. ಫೋನ್ ತರಬಾರದೆಂಬ ನಿಯಮವಿದ್ದೂ ತಂದಿರಬಹುದು. ವಯಸ್ಸಿನ ಮಿತಿ ಮೀರಿ ಖಾತೆ ತೆರೆದಿರಬಹುದು. ಆ ಮಾತುಗಳನ್ನು ಮುಂದೆ ನಿಧಾನವಾಗಿ ಆಡಬಹುದು. ಮಕ್ಕಳನ್ನು ಬಲೆಗೆ ಬೀಳಿಸುವವರು ನೆಚ್ಚಿಕೊಂಡಿರುವುದೇ “ಮನೆಯಲ್ಲಿ ಗೊತ್ತಾದರೆ ನಿನಗೇ ಬೈಯುತ್ತಾರೆ” ಎಂಬ ಹೆದರಿಕೆಯನ್ನು. ದೊಡ್ಡವರು ನಿಜಕ್ಕೂ ಬೈದರೆ ಆ ಬೆದರಿಕೆಗೆ ನಾವೇ ಬಲ ತುಂಬಿದಂತಾಗುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಡುಗಿಯೊಬ್ಬಳು ತನಗೆ ಬರುತ್ತಿದ್ದ ಕೆಟ್ಟ ಸಂದೇಶಗಳನ್ನು ತೋರಿಸಲು ಬಂದಾಗ, ನಾನು ಮೊದಲು ಕೇಳಿದ್ದು “ಶಾಲೆಗೆ ಫೋನ್ ಯಾಕೆ ತಂದೆ?” ಎಂದು. ಆ ವರ್ಷವಿಡೀ ಮತ್ತಾವ ಮಗುವೂ ನನ್ನ ಬಳಿ ಇಂಥ ವಿಷಯಕ್ಕೆ ಬರಲಿಲ್ಲ. ಈಗ ನಾನು ಮೊದಲು ಹೇಳುವ ಮಾತೇ ಬೇರೆ: “ನೀನು ಬಂದು ಹೇಳಿದ್ದು ಒಳ್ಳೆಯದಾಯಿತು. ಮುಂದೆ ಏನು ಮಾಡಬೇಕೆಂದು ಇಬ್ಬರೂ ಸೇರಿ ನೋಡೋಣ.” ಇದರ ಜೊತೆಗೆ, “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡಬಾರದೆಂಬುದನ್ನೂ ನೆನಪಿಡಬೇಕು, ಏಕೆಂದರೆ ಮಗುವಿನ ರಕ್ಷಣೆಗಾಗಿ ಪೋಷಕರಿಗೋ ಪೊಲೀಸರಿಗೋ ತಿಳಿಸಬೇಕಾಗಿ ಬರಬಹುದು. ತಿಳಿಯಲೇಬೇಕಾದವರಿಗಷ್ಟೇ ತಿಳಿಸುತ್ತೇನೆ, ಅವರಿಗೆ ಹೇಳುವ ಮೊದಲು ನಿನಗೆ ಹೇಳುತ್ತೇನೆ ಎನ್ನುವುದು ಪ್ರಾಮಾಣಿಕವಾದ ಮಾತು.

ಬಳಕೆಯ ನಿಯಮಗಳನ್ನು ಮಕ್ಕಳೊಂದಿಗೆ ಬರೆಯುವುದು

ಹಲವು ಶಾಲೆಗಳಲ್ಲಿ ಕಂಪ್ಯೂಟರ್ ಲ್ಯಾಬಿನ ಗೋಡೆಯ ಮೇಲೆ ಉದ್ದನೆಯ ನಿಷೇಧಗಳ ಪಟ್ಟಿ ಇರುತ್ತದೆ. ಅದನ್ನು ಓದುವವರು ಕಡಿಮೆ. ಅದರ ಬದಲು ವರ್ಷದ ಮೊದಲ ವಾರದಲ್ಲಿ ಒಂದು ಅವಧಿಯನ್ನು ಮೀಸಲಿಟ್ಟು, ಐದಾರು ನಿಯಮಗಳನ್ನು ಮಕ್ಕಳಿಂದಲೇ ಹೊರಡಿಸಿ, ಪ್ರತಿಯೊಂದರ ಮುಂದೆ “ಏಕೆ” ಎಂಬುದನ್ನು ಒಂದು ಸಾಲಿನಲ್ಲಿ ಬರೆಸಬೇಕು. ಕಾರಣ ಬರೆಯಲಾಗದ ನಿಯಮವಿದ್ದರೆ ಅದು ಬೇಕೇ ಎಂದು ಶಿಕ್ಷಕರೂ ಯೋಚಿಸಬೇಕಾಗುತ್ತದೆ. ಮಕ್ಕಳು ಸಹಿ ಹಾಕುವ ಹಾಳೆಗೆ ಶಿಕ್ಷಕರೂ ಸಹಿ ಹಾಕಬೇಕು. ಏಕೆಂದರೆ ಅನುಮತಿಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆಯಬಾರದು ಎಂಬ ನಿಯಮ ಇಬ್ಬರಿಗೂ ಒಂದೇ.

ಶಾಲೆ ಏನನ್ನು ನೋಡಬಲ್ಲದು ಎಂಬುದನ್ನೂ ಆಗಲೇ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ತೆರೆದದ್ದು ಯಾರಿಗೂ ಕಾಣುವುದಿಲ್ಲವೆಂದು ಅನೇಕ ಮಕ್ಕಳು, ಕೆಲವು ಶಿಕ್ಷಕರು ಕೂಡ, ನಂಬಿರುತ್ತಾರೆ. ಅದು ಮಾಡುವುದು ಆ ಯಂತ್ರದಲ್ಲಿ ಭೇಟಿಯ ಇತಿಹಾಸ ಉಳಿಯದಂತೆ ನೋಡಿಕೊಳ್ಳುವುದನ್ನು ಮಾತ್ರ. ಯಾವ ತಾಣಗಳಿಗೆ ಸಂಪರ್ಕ ಹೋಯಿತು ಎಂಬುದು ಶಾಲೆಯ ನೆಟ್‌ವರ್ಕ್ ನಡೆಸುವವರಿಗೂ ಸಂಪರ್ಕ ಒದಗಿಸುವ ಕಂಪನಿಗೂ ತಿಳಿಯಬಹುದು. ಗುಟ್ಟಾಗಿ ಕಣ್ಣಿಟ್ಟು ಸಿಕ್ಕಿಬಿದ್ದಾಗ ಗದರಿಸುವುದಕ್ಕಿಂತ, ಮೊದಲೇ ಹೇಳಿ ನಡೆಸುವ ಉಸ್ತುವಾರಿಗೆ ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ.

ವಯಸ್ಸಿನ ಪ್ರಶ್ನೆಯೂ ಇಲ್ಲೇ ಬರುತ್ತದೆ. ಬಹುಪಾಲು ಸಾಮಾಜಿಕ ಜಾಲತಾಣಗಳು 13 ವರ್ಷದ ಮಿತಿಯನ್ನು ಇಟ್ಟುಕೊಂಡಿರುವುದಕ್ಕೆ ಹಿನ್ನೆಲೆ, 13ಕ್ಕಿಂತ ಚಿಕ್ಕ ಮಕ್ಕಳ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಕೇಳುವ, 1998ರಲ್ಲಿ ಅಂಗೀಕಾರವಾದ ಅಮೆರಿಕದ ಕಾನೂನು. 2018ರಲ್ಲಿ ಜಾರಿಗೆ ಬಂದ ಯುರೋಪಿನ ದತ್ತಾಂಶ ಸಂರಕ್ಷಣಾ ನಿಯಮ ಈ ಮಿತಿಯನ್ನು 16 ಎಂದಿಟ್ಟು, ಸದಸ್ಯ ರಾಷ್ಟ್ರಗಳು ಅದನ್ನು 13ರವರೆಗೆ ಇಳಿಸಿಕೊಳ್ಳಲು ಅವಕಾಶ ಕೊಟ್ಟಿದೆ. ತರಗತಿಗೆ ಬೇಕೆಂದು ಯಾವುದೋ ಆ್ಯಪ್‌ನಲ್ಲಿ ಖಾತೆ ತೆರೆಸುವಾಗ “ಹುಟ್ಟಿದ ವರ್ಷ ಏನಾದರೂ ಹಾಕಿ” ಎಂದು ಶಿಕ್ಷಕರೇ ಹೇಳಿಬಿಟ್ಟರೆ, ಉಳಿದ ಯಾವ ನಿಯಮಕ್ಕೂ ಮಕ್ಕಳ ಕಣ್ಣಿನಲ್ಲಿ ಬೆಲೆ ಉಳಿಯುವುದಿಲ್ಲ.

ಪಾಸ್‌ವರ್ಡ್: ದಾಳಗಳ ಲೆಕ್ಕ

“ಬಲವಾದ ಪಾಸ್‌ವರ್ಡ್ ಇಟ್ಟುಕೊಳ್ಳಿ” ಎಂದರೆ ಮಕ್ಕಳು ತಮ್ಮ ಹೆಸರಿನ ಕೊನೆಗೆ 123 ಸೇರಿಸುತ್ತಾರೆ. ಬಲವೆಂದರೇನು ಎಂಬುದನ್ನು ಗಣಿತದ ಅವಧಿಯಲ್ಲಿ ತೋರಿಸಬಹುದು. ತರಗತಿಯೇ ಸೇರಿ 216 ಸಾಮಾನ್ಯ ಪದಗಳ ಪಟ್ಟಿ ಮಾಡಲಿ. ಮೂರು ದಾಳಗಳನ್ನು ಸಾಲಾಗಿ ಎಸೆದರೆ ಬರುವ ಸಾಧ್ಯತೆಗಳು 6 × 6 × 6, ಅಂದರೆ 216, ಆದ್ದರಿಂದ ಪ್ರತಿ ಎಸೆತಕ್ಕೆ ಒಂದು ಪದ ದೊರೆಯುತ್ತದೆ. ನಾಲ್ಕು ಸಲ ಎಸೆದು ನಾಲ್ಕು ಪದಗಳನ್ನು ಜೋಡಿಸಿದರೆ ಸಾಧ್ಯತೆಗಳು ಸುಮಾರು 218 ಕೋಟಿ, ಐದನೆಯ ಪದ ಸೇರಿದರೆ ಸುಮಾರು 47,000 ಕೋಟಿ. ಒಂದೇ ಒಂದು ಪದ ಸೇರಿದಾಗ ಸಂಖ್ಯೆ ಹೀಗೆ ಹಿಗ್ಗುವುದನ್ನು ಕಂಡ ಮಕ್ಕಳಿಗೆ ಉದ್ದದ ಮಹತ್ವ ತಾನಾಗಿ ತಿಳಿಯುತ್ತದೆ. ನಿಜವಾದ ಬಳಕೆಗೆ ಇದೇ ಕ್ರಮದಲ್ಲಿ ಐದು ದಾಳಗಳಿಂದ 7,776 ಪದಗಳ ಪಟ್ಟಿಯಿಂದ ಆರಿಸುವ ಪದ್ಧತಿಯೊಂದು 1995ರಿಂದ ಬಳಕೆಯಲ್ಲಿದೆ. ಇಲ್ಲಿ ಪದಗಳನ್ನು ದಾಳವೇ ಆರಿಸಬೇಕು, ಮನಸ್ಸಲ್ಲ. ಮನಸ್ಸು ಆರಿಸಿದರೆ ನಾಲ್ಕರಲ್ಲಿ ಎರಡು ಪದಗಳು ನೆಚ್ಚಿನ ಆಟಗಾರರ ಹೆಸರಾಗಿರುತ್ತವೆ. ತರಗತಿಯಲ್ಲಿ ಎಲ್ಲರೆದುರು ಬಂದ ಪದಗುಚ್ಛವನ್ನು ಯಾರೂ ಬಳಸಬಾರದೆಂದು ಹೇಳುವುದನ್ನು ಮರೆಯಬಾರದು.

ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ಹಳೆಯ ಸಲಹೆಯನ್ನು ಇನ್ನೂ ಕಲಿಸುವ ಶಾಲೆಗಳಿವೆ. ಅಮೆರಿಕದ ರಾಷ್ಟ್ರೀಯ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆ 2017ರ ತನ್ನ ಮಾರ್ಗಸೂಚಿಯಲ್ಲೇ, ಸೋರಿಕೆಯಾದ ಸುಳಿವಿಲ್ಲದಿದ್ದರೆ ಅವಧಿಗೊಮ್ಮೆ ಬದಲಿಸುವಂತೆ ಒತ್ತಾಯಿಸಬಾರದು ಎಂದಿತು. ಒಂದೊಂದು ಖಾತೆಗೆ ಒಂದೊಂದು ಪಾಸ್‌ವರ್ಡ್, ಸಾಧ್ಯವಿರುವಲ್ಲೆಲ್ಲ ಎರಡನೆಯ ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಅಂಕಿಯಂಥ ಇನ್ನೊಂದು ಪುರಾವೆ ಕೇಳುವುದು), ಹಂಚಿಕೊಂಡು ಬಳಸುವ ಯಂತ್ರದಿಂದ ಏಳುವ ಮೊದಲು ಲಾಗ್ ಔಟ್: ಇಷ್ಟು ಸಾಕು. ಲಾಗ್ ಔಟ್ ಆಗದೆ ಎದ್ದುಹೋದ ಸಹಪಾಠಿಯ ಖಾತೆ ಕಂಡರೆ ಅದರಲ್ಲಿ ಏನನ್ನೂ ಬರೆಯದೆ ಮುಚ್ಚಿಬಿಡುವುದನ್ನು ಅಭ್ಯಾಸ ಮಾಡಿಸಬೇಕು. ಹೊಣೆಗಾರಿಕೆ ಎಂಬ ದೊಡ್ಡ ಪದದ ಅರ್ಥ ಮಕ್ಕಳಿಗೆ ಇಷ್ಟು ಚಿಕ್ಕ ಕೆಲಸದಲ್ಲಿ ಸಿಗುತ್ತದೆ.

ನಿಜವೋ ಸುಳ್ಳೋ ಎಂದು ನೋಡುವುದು

ಇಡೀ ವಿಷಯದಲ್ಲಿ ಹೆಚ್ಚು ಸಮಯವನ್ನು ಕೇಳುವ ಭಾಗ ಇದು. ತಾಣದ ವಿನ್ಯಾಸ ಚೆನ್ನಾಗಿದೆಯೇ, ಕಾಗುಣಿತ ಸರಿಯಾಗಿದೆಯೇ, ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇದೆಯೇ ಎಂದು ನೋಡಿ ನಂಬಿಕೆಯನ್ನು ಅಳೆಯುವುದನ್ನೇ ಬಹಳ ಕಾಲ ಕಲಿಸಲಾಯಿತು. ಬೀಗದ ಗುರುತು ಹೇಳುವುದು ನಿಮಗೂ ಆ ತಾಣಕ್ಕೂ ನಡುವಿನ ಸಂಪರ್ಕ ಗೂಢಲಿಪಿಯಲ್ಲಿದೆ ಎಂಬುದನ್ನು ಮಾತ್ರ. ಆ ತುದಿಯಲ್ಲಿ ಕುಳಿತವರು ಪ್ರಾಮಾಣಿಕರೇ ಎಂಬುದನ್ನಲ್ಲ. ಅದಕ್ಕೆ ಬೇಕಾದ ಪ್ರಮಾಣಪತ್ರ ಈಗ ಉಚಿತವಾಗಿಯೇ ಸಿಗುವುದರಿಂದ ವಂಚಕರ ತಾಣಗಳಲ್ಲೂ ಆ ಗುರುತು ಇರುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು ಮತ್ತು 25 ವಿದ್ಯಾರ್ಥಿಗಳಿಗೆ ಒಂದೇ ತೆರನಾದ ತಾಣಗಳನ್ನು ಪರೀಕ್ಷಿಸಲು ಕೊಟ್ಟು ನೋಡಿದರು. ಇತಿಹಾಸಕಾರರು ಮತ್ತು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆ ಪುಟವನ್ನೇ ಮೇಲಿನಿಂದ ಕೆಳಗೆ ಓದುತ್ತ ಕುಳಿತರೆ, ಸತ್ಯಶೋಧಕರು ಬೇಗನೆ ಅದನ್ನು ಬಿಟ್ಟು ಹೊಸ ಟ್ಯಾಬುಗಳನ್ನು ತೆರೆದು, ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು. ಕಡಿಮೆ ಸಮಯದಲ್ಲಿ ಹೆಚ್ಚು ಸರಿಯಾದ ತೀರ್ಮಾನಕ್ಕೆ ಬಂದವರೂ ಅವರೇ. ಹೊಸ ಊರಿಗೆ ಬಂದವನು ಎಂಥವನೆಂದು ತಿಳಿಯಲು ಅವನನ್ನೇ ಕೇಳಿದರೆ ಸಾಲದು, ಅಕ್ಕಪಕ್ಕದವರನ್ನೂ ವಿಚಾರಿಸಬೇಕು ಎಂದರೆ ಚಿಕ್ಕ ಮಕ್ಕಳಿಗೂ ಅರ್ಥವಾಗುತ್ತದೆ.

ಇದನ್ನು ಒಂದು ಅವಧಿಯಲ್ಲಿ ಹೀಗೆ ಮಾಡಿಸಬಹುದು. ಮರದ ಮೇಲೆ ವಾಸಿಸುವ ಆಕ್ಟೋಪಸ್ ಒಂದು ಅಳಿವಿನ ಅಂಚಿನಲ್ಲಿದೆ ಎಂದು ಗಂಭೀರವಾಗಿ ಹೇಳುವ ಕಟ್ಟುಕಥೆಯ ತಾಣವೊಂದು 1998ರಿಂದ ಪ್ರಸಿದ್ಧವಾಗಿದ್ದು, ಲೋಕದ ಅನೇಕ ಶಾಲೆಗಳು ಅದನ್ನು ಪಾಠಕ್ಕೆ ಬಳಸಿಕೊಂಡಿವೆ. ಅಂಥದೊಂದು ಪುಟವನ್ನು ಯಾವ ಮುನ್ಸೂಚನೆಯೂ ಇಲ್ಲದೆ ತೋರಿಸಿ, ಐದು ನಿಮಿಷ ಓದಲು ಬಿಟ್ಟು, ನಂಬಬಹುದೇ ಎಂದು ಚೀಟಿಯಲ್ಲಿ ಬರೆಸಿ. ಆನಂತರ ಪುಟದಿಂದ ಹೊರಗೆ ಹೋಗಲು ಬಿಟ್ಟು ಮೂರು ಪ್ರಶ್ನೆಗಳನ್ನು ಕೊಡಿ: ಇದನ್ನು ಹೇಳುತ್ತಿರುವವರು ಯಾರು, ಅದಕ್ಕೆ ಆಧಾರವೇನು, ಬೇರೆಯವರು ಏನೆನ್ನುತ್ತಾರೆ. ಮತ್ತೆ ಹತ್ತು ನಿಮಿಷದ ನಂತರ ಎರಡನೆಯ ಚೀಟಿ. ಎರಡು ಚೀಟಿಗಳ ನಡುವಿನ ವ್ಯತ್ಯಾಸವನ್ನು ಮಕ್ಕಳೇ ಓದಿ ಹೇಳಲಿ; ಮೊದಲು ನಂಬಿದವರನ್ನು ನಗೆಪಾಟಲು ಮಾಡಲು ಯಾರಿಗೂ ಅವಕಾಶ ಕೊಡಬೇಡಿ, ಏಕೆಂದರೆ ಮೋಸಹೋದದ್ದನ್ನು ಒಪ್ಪಿಕೊಳ್ಳುವ ಧೈರ್ಯವನ್ನೇ ನಾವು ಬೆಳೆಸಬೇಕಾಗಿದೆ.

ಚಿತ್ರಗಳಿಗೆ ಬೇರೊಂದು ಅಭ್ಯಾಸ ಬೇಕು. ಹರಿದಾಡುವ ಸುಳ್ಳು ಚಿತ್ರಗಳಲ್ಲಿ ಅನೇಕವು ತಿರುಚಿದವೇ ಅಲ್ಲ. ಯಾವುದೋ ಹಳೆಯ ಪ್ರವಾಹದ ನಿಜವಾದ ಚಿತ್ರಕ್ಕೆ ಇಂದಿನ ಶೀರ್ಷಿಕೆ ಅಂಟಿಸಿದವು. ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯದಿಂದ ಅದು ಮೊದಲು ಎಲ್ಲಿ, ಯಾವಾಗ ಕಾಣಿಸಿಕೊಂಡಿತೆಂದು ನೋಡುವುದನ್ನು ಕಲಿಸಿ. ಯಂತ್ರವೇ ಸೃಷ್ಟಿಸಿದ ಚಿತ್ರವನ್ನು ಬೆರಳುಗಳನ್ನು ಎಣಿಸಿ ಪತ್ತೆಮಾಡುವ ಉಪಾಯಗಳು ತಂತ್ರಜ್ಞಾನ ಸುಧಾರಿಸಿದಂತೆ ಹಳತಾಗುತ್ತಿವೆಯಾದ್ದರಿಂದ, ಚಿತ್ರ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಹೆಚ್ಚು ಬಾಳಿಕೆಯದು. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳ ವಿಷಯದಲ್ಲೂ ಅಷ್ಟೆ. ಅವು ಇಲ್ಲದ ಪುಸ್ತಕದ ಹೆಸರನ್ನೂ ಇರುವ ಪುಸ್ತಕದ ಹೆಸರನ್ನೂ ಒಂದೇ ಧಾಟಿಯಲ್ಲಿ ಹೇಳಬಲ್ಲವು. ತಮಗೆ ಚೆನ್ನಾಗಿ ಗೊತ್ತಿರುವ ವಿಷಯವೊಂದರ ಬಗ್ಗೆ ಅವುಗಳನ್ನು ಕೇಳಿಸಿ, ಉತ್ತರದಲ್ಲಿನ ತಪ್ಪುಗಳನ್ನು ಮಕ್ಕಳಿಂದಲೇ ಕೆಂಪು ಶಾಯಿಯಲ್ಲಿ ತಿದ್ದಿಸಿ. ತಿದ್ದಿದ ಕೈ ಮುಂದೆ ಕುರುಡಾಗಿ ನಕಲು ಮಾಡುವುದು ಕಷ್ಟ.

ಖಾಸಗಿತನ

ಶಾಲಾ ಸಮವಸ್ತ್ರದಲ್ಲಿ ನಿಂತ ಮಗುವಿನ ಒಂದು ಕಾಲ್ಪನಿಕ ಚಿತ್ರವನ್ನು ಹಲಗೆಯ ಮೇಲೆ ಬಿಡಿಸಿ, ಇದರಿಂದ ಅಪರಿಚಿತರೊಬ್ಬರು ಏನೇನು ತಿಳಿಯಬಹುದು ಎಂದು ಕೇಳಿ. ಎದೆಯ ಮೇಲಿನ ಬ್ಯಾಡ್ಜ್, ಹಿಂದಿನ ಬಸ್ ಸಂಖ್ಯೆ, ಗೋಡೆಯ ಫಲಕ, ಆಟದ ಅಭ್ಯಾಸದ ಸಮಯ ಎಲ್ಲವೂ ಸೇರಿದರೆ ಈ ಮಗು ಸಂಜೆ ಎಲ್ಲಿರುತ್ತದೆ ಎಂಬುದು ಗೊತ್ತಾಗುತ್ತದೆ. ಬಿಡಿಬಿಡಿಯಾಗಿ ನಿರುಪದ್ರವಿಯಾದ ಸಂಗತಿಗಳು ಕೂಡಿದಾಗ ಏನಾಗುತ್ತವೆ ಎಂಬುದೇ ಈ ಪಾಠದ ತಿರುಳು. ಫೋನ್ ತೆಗೆದ ಚಿತ್ರದ ಕಡತದೊಳಗೆ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳೂ ಅಡಗಿರಬಹುದು. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸುವುದನ್ನು ಪ್ರತ್ಯಕ್ಷವಾಗಿ ತೋರಿಸಿ.

ಇಲ್ಲಿ ಶಾಲೆ ತನ್ನನ್ನೂ ನೋಡಿಕೊಳ್ಳಬೇಕು. ಬಹುಮಾನ ಪಡೆದ ಮಗುವಿನ ಚಿತ್ರವನ್ನು ಪೂರ್ಣ ಹೆಸರು, ತರಗತಿಯೊಂದಿಗೆ ಎಲ್ಲರಿಗೂ ಕಾಣುವಂತೆ ಹಾಕುವ ಶಾಲೆ, ಅದೇ ಮಗುವಿಗೆ ಖಾಸಗಿತನದ ಪಾಠ ಹೇಳಲಾರದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಕ್ಕಳಿಗೆ ಖಾಸಗಿತನದ ಹಕ್ಕನ್ನೂ ಮಾಹಿತಿ ಪಡೆಯುವ ಹಕ್ಕನ್ನೂ ಒಟ್ಟಿಗೆ ಕೊಟ್ಟಿದೆ, ಮತ್ತು ಇವು ಡಿಜಿಟಲ್ ಪರಿಸರಕ್ಕೂ ಅನ್ವಯಿಸುತ್ತವೆಂದು ಅದರ ಸಮಿತಿ 2021ರಲ್ಲಿ ವಿವರವಾಗಿ ತಿಳಿಸಿದೆ. ಎರಡನೆಯ ಹಕ್ಕನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಹೆದರಿಸಿ ಇಂಟರ್ನೆಟ್ಟಿನಿಂದ ದೂರವಿಡುವುದು ರಕ್ಷಣೆಯಲ್ಲ.

ಬಲೆ ಬೀಸುವವರ ಕ್ರಮ

“ಅಪರಿಚಿತರೊಂದಿಗೆ ಮಾತಾಡಬೇಡಿ” ಎಂಬ ಮಾತು ಸಾಲದು, ಏಕೆಂದರೆ ಎರಡು ವಾರ ದಿನವೂ ಮಾತಾಡಿದವರು ಮಗುವಿನ ದೃಷ್ಟಿಯಲ್ಲಿ ಅಪರಿಚಿತರಾಗಿ ಉಳಿದಿರುವುದಿಲ್ಲ. ವ್ಯಕ್ತಿಯ ಗುರುತಿಗಿಂತ ನಡೆಯ ಕ್ರಮವನ್ನು ಕಲಿಸುವುದು ಹೆಚ್ಚು ಉಪಯುಕ್ತ: ಮೊದಲು ಅತಿಯಾದ ಹೊಗಳಿಕೆ ಅಥವಾ ಉಡುಗೊರೆ, ಆಮೇಲೆ “ಇದು ನಮ್ಮಿಬ್ಬರ ಗುಟ್ಟು” ಎಂಬ ಮಾತು, ಬೇರೆ ಆ್ಯಪ್‌ಗೆ ಬಾ ಎಂಬ ಕರೆ, ಒಂದು ಚಿತ್ರದ ಕೋರಿಕೆ, ಕೊನೆಗೆ ಬೆದರಿಕೆ. ಇವುಗಳಲ್ಲಿ ಯಾವುದೇ ಹಂತದಲ್ಲಿದ್ದರೂ, ಕೊನೆಯ ಹಂತದಲ್ಲಿದ್ದರೂ, ಬಂದು ಹೇಳಬಹುದು ಎಂದು ಸ್ಪಷ್ಟವಾಗಿ, ಮತ್ತೆ ಮತ್ತೆ ಹೇಳಬೇಕು. ಬೆದರಿಸುವವರಿಗೆ ಹಣವನ್ನಾಗಲಿ ಇನ್ನೊಂದು ಚಿತ್ರವನ್ನಾಗಲಿ ಕೊಟ್ಟರೆ ಬೆದರಿಕೆ ನಿಲ್ಲುವ ಭರವಸೆಯಿಲ್ಲ. ಹೆಚ್ಚಾಗಿ ಬೇಡಿಕೆ ಬೆಳೆಯುತ್ತದೆ. ಉತ್ತರಿಸುವುದನ್ನು ನಿಲ್ಲಿಸಿ, ಸಂಭಾಷಣೆಯನ್ನು ಅಳಿಸದೆ ಉಳಿಸಿಕೊಂಡು, ದೊಡ್ಡವರ ಬಳಿ ಬರಬೇಕು.

ಶಿಕ್ಷಕರು ತಿಳಿದಿರಲೇಬೇಕಾದ ಒಂದು ಎಚ್ಚರಿಕೆ ಇದೆ. ಸಾಮಾನ್ಯ ಕಿರುಕುಳದ ಸಂದೇಶಗಳನ್ನು ಸ್ಕ್ರೀನ್‌ಶಾಟ್ ತೆಗೆದಿಡುವುದು ಸರಿ. ಆದರೆ ಮಕ್ಕಳ ನಗ್ನ ಅಥವಾ ಲೈಂಗಿಕ ಚಿತ್ರವಿದ್ದರೆ, ಸಾಕ್ಷ್ಯಕ್ಕೆಂದರೂ, ಅದನ್ನು ನಕಲಿಸಬಾರದು, ತಮ್ಮ ಫೋನಿಗೆ ಕಳಿಸಿಕೊಳ್ಳಬಾರದು, ಸಹೋದ್ಯೋಗಿಗೆ ತೋರಿಸಬಾರದು. ಅಂಥ ಚಿತ್ರವನ್ನು ಇಟ್ಟುಕೊಳ್ಳುವುದು ಬಹುತೇಕ ದೇಶಗಳಲ್ಲಿ ಅಪರಾಧ, ಮತ್ತು ಮಗುವಿಗೆ ಅದು ಮತ್ತೊಂದು ಗಾಯ. ಖಾತೆಯ ಹೆಸರು, ಸಮಯ, ಯಾವ ತಾಣ ಎಂಬುದನ್ನು ಬರೆದುಕೊಂಡು, ಸಾಧನವನ್ನು ಇದ್ದಂತೆಯೇ ಇರಿಸಿ, ಪೊಲೀಸರಿಗೆ ಅಥವಾ ಮಕ್ಕಳ ರಕ್ಷಣಾ ವ್ಯವಸ್ಥೆಗೆ ತಿಳಿಸಬೇಕು. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ರಾಷ್ಟ್ರೀಯ ಕೇಂದ್ರ ನಡೆಸುವ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ, 18ರೊಳಗಿನವರ ಇಂಥ ಚಿತ್ರಗಳನ್ನು ತೆಗೆಸಲು ನೆರವಾಗುತ್ತದೆ. ಚಿತ್ರ ಮಗುವಿನ ಸಾಧನವನ್ನು ಬಿಟ್ಟು ಹೋಗುವುದಿಲ್ಲ; ಅದರಿಂದ ಲೆಕ್ಕಹಾಕಿದ ಒಂದು ಸಂಕೇತ ಮಾತ್ರ ಹೋಗುತ್ತದೆ, ಸೇವೆಯಲ್ಲಿ ಪಾಲ್ಗೊಂಡ ತಾಣಗಳು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯಬಹುದು. ಎಲ್ಲವೂ ಮುಗಿದುಹೋಯಿತು ಎಂದುಕೊಂಡ ಮಗುವಿಗೆ ಇನ್ನೂ ಮಾಡಬಹುದಾದದ್ದು ಇದೆ ಎಂದು ತೋರಿಸಲು ಈ ಮಾಹಿತಿ ಬೇಕು.

ಸಹಪಾಠಿಗಳ ನಡುವೆ

ತರಗತಿಯ ಗ್ರೂಪಿನಲ್ಲಿ ಒಬ್ಬರನ್ನು ಗೇಲಿ ಮಾಡುವಾಗ ಗೇಲಿ ಮಾಡುವವರು ಇಬ್ಬರು, ಗುರಿಯಾದವರು ಒಬ್ಬರು, ನೋಡುತ್ತ ಸುಮ್ಮನಿರುವವರು ಮೂವತ್ತು ಜನ. ಫಿನ್‌ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಶಾಲೆಗಳಲ್ಲಿ ಪೀಡನೆ ತಡೆಯುವ ‘ಕಿವಾ’ ಕಾರ್ಯಕ್ರಮ ಆ ಮೂವತ್ತು ಜನರನ್ನೇ ಮುಖ್ಯವಾಗಿ ಗಮನಿಸುತ್ತದೆ, ಏಕೆಂದರೆ ಪೀಡಿಸುವವರಿಗೆ ಬೇಕಾದ ಮೆಚ್ಚುಗೆ ಸಿಗುವುದು ನೋಡುಗರಿಂದ. ಎಲ್ಲರ ಮುಂದೆ ಎದುರು ಮಾತಾಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಅದನ್ನು ನಿರೀಕ್ಷಿಸಲೂಬಾರದು. ನಗುವಿನ ಇಮೋಜಿ ಹಾಕದಿರುವುದು, ಮುಂದಕ್ಕೆ ಕಳಿಸದಿರುವುದು, ಗುರಿಯಾದವರಿಗೆ ಪ್ರತ್ಯೇಕವಾಗಿ “ಅವರು ಮಾಡಿದ್ದು ಸರಿಯಲ್ಲ, ನಾನು ನಿನ್ನ ಜೊತೆಗಿದ್ದೇನೆ” ಎಂದು ಬರೆಯುವುದು, ಶಿಕ್ಷಕರಿಗೆ ತಿಳಿಸುವುದು: ಇವು ನಾಚಿಕೆ ಸ್ವಭಾವದ ಮಗುವೂ ಮಾಡಬಲ್ಲ ಕೆಲಸಗಳು. ಇವನ್ನು ಪಾತ್ರಾಭಿನಯದಲ್ಲಿ ಮಾಡಿಸಿ, ಆದರೆ ನಿಜವಾಗಿ ಪೀಡೆಗೆ ಒಳಗಾಗಿರುವ ಮಗುವಿಗೆ ಆ ಪಾತ್ರವನ್ನು ಎಂದಿಗೂ ಕೊಡಬೇಡಿ.

ಬೇರೆಯವರ ಬರಹ, ಚಿತ್ರ, ಸಂಗೀತವನ್ನು ಬಳಸುವಾಗ ಮೂಲವನ್ನು ಹೇಳುವುದು ಕೂಡ ಸಹಜೀವನದ ಭಾಗವೇ. 2001ರಲ್ಲಿ ಸ್ಥಾಪನೆಯಾದ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ, ಷರತ್ತುಗಳೊಂದಿಗೆ ಮರುಬಳಕೆಗೆ ಮೊದಲೇ ಅನುಮತಿ ಕೊಡುವ ಪರವಾನಗಿಗಳಿರುವ ಚಿತ್ರಗಳನ್ನು ಹುಡುಕಿ, ಹೆಸರು ನಮೂದಿಸಿ ಬಳಸುವುದನ್ನು ಯಾವ ಪ್ರಾಜೆಕ್ಟಿನೊಂದಿಗೂ ಸೇರಿಸಿ ಕಲಿಸಬಹುದು.

ಮನೆಯವರು ಮತ್ತು ಮೌಲ್ಯಮಾಪನ

ಪೋಷಕರ ಸಭೆಯಲ್ಲಿ ಅಪಾಯಗಳ ಭಾಷಣ ಮಾಡಿದರೆ ಮರುದಿನ ಮಕ್ಕಳ ಫೋನ್ ಕಸಿದುಕೊಳ್ಳಲಾಗುತ್ತದೆ, ಮಕ್ಕಳು ಶಾಲೆಗೆ ಹೇಳುವುದನ್ನು ನಿಲ್ಲಿಸುತ್ತಾರೆ. ಆದ್ದರಿಂದ ಸಭೆಯಲ್ಲೂ ಮೊದಲು ಕೇಳಿಕೊಳ್ಳಬೇಕಾದದ್ದು, ಹೇಳಿದ ಮಗುವನ್ನು ದಂಡಿಸಬೇಡಿ ಎಂಬುದನ್ನೇ. ತಂತ್ರಜ್ಞಾನ ತಿಳಿಯದ ತಂದೆತಾಯಿಯರಿಗೆ ಮಕ್ಕಳೇ ಸೆಟ್ಟಿಂಗ್ಸ್ ತೋರಿಸಿಕೊಡುವಂತೆ ಮನೆಗೆಲಸ ಕೊಡಬಹುದು.

ಪ್ರತಿ ವರ್ಷ ಫೆಬ್ರುವರಿಯಲ್ಲಿ ಬರುವ, 2004ರಿಂದ ಆಚರಣೆಯಲ್ಲಿರುವ ಸುರಕ್ಷಿತ ಇಂಟರ್ನೆಟ್ ದಿನ ಪಾಠ ಶುರು ಮಾಡಲು ಒಳ್ಳೆಯ ನೆಪ, ಆದರೆ ಒಂದು ದಿನದ ಭಾಷಣದಿಂದ ಅಭ್ಯಾಸ ಬೆಳೆಯುವುದಿಲ್ಲ. ತಿಂಗಳಿಗೊಂದು ಅವಧಿಯಾದರೂ ಬೇಕು. ಕಲಿತದ್ದನ್ನು ಅಳೆಯಲು ಬರಹದ ಪರೀಕ್ಷೆ ಪ್ರಯೋಜನವಿಲ್ಲ, ಏಕೆಂದರೆ ಸರಿಯಾದ ಉತ್ತರವನ್ನು ಎಲ್ಲರೂ ಬರೆಯುತ್ತಾರೆ. ಒಂದು ಸನ್ನಿವೇಶ ಕೊಟ್ಟು, ಯಂತ್ರದ ಮುಂದೆ ಏನು ಮಾಡುತ್ತಾರೆ ಎಂದು ನೋಡಬೇಕು. ಇದರೊಂದಿಗೆ, ಹೆಸರುಗಳಿಲ್ಲದ ಒಂದು ಪುಸ್ತಕದಲ್ಲಿ ಯಾವ ತಿಂಗಳು ಎಷ್ಟು ಮಕ್ಕಳು ಯಾವ ಬಗೆಯ ತೊಂದರೆ ಹೇಳಿಕೊಂಡು ಬಂದರು ಎಂದು ಬರೆದಿಡಿ. ಮೊದಲ ಕೆಲವು ತಿಂಗಳು ಆ ಸಂಖ್ಯೆ ಏರಿದರೆ ಗಾಬರಿಯಾಗಬೇಡಿ. ಅವು ಹಿಂದೆಯೂ ನಡೆಯುತ್ತಿದ್ದವು, ಈಗ ನಿಮಗೆ ತಿಳಿಯುತ್ತಿವೆ ಅಷ್ಟೆ. ಮುಂದಿನ ತಿಂಗಳ ಪಾಠ ಯಾವುದಿರಬೇಕೆಂದು ಆ ಪುಸ್ತಕ ನೋಡಿ ನಿರ್ಧರಿಸಿ.